ಪತ್ತೇದಾರಿ ಕತೆಗೆ ವಸತಿ ಶಾಲೆಯೇ ಏಕೆ?

ಹದಿಹರೆಯದವರಿಗಾಗಿ ಬರೆದ ಪತ್ತೇದಾರಿ ಕಾದಂಬರಿಗಳ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಇವುಗಳಲ್ಲಿ ಇಷ್ಟೊಂದು ಕತೆಗಳು ವಸತಿ ಶಾಲೆಯಲ್ಲೇ ನಡೆಯುವುದೇಕೆ? ಅಪ್ಪ ಅಮ್ಮ ಹತ್ತಿರವಿಲ್ಲದ ಕಾರಣ ಮಕ್ಕಳು ಮನಬಂದಂತೆ ಓಡಾಡಬಹುದಲ್ಲ ಎಂದು ಕೇಳಿದವರೇ ಉತ್ತರವನ್ನೂ ಹೇಳಿಬಿಡುವುದುಂಟು. ನನಗೆ ತೋರುವುದು ಇದಕ್ಕೆ ತದ್ವಿರುದ್ಧ. ವಸತಿ ಶಾಲೆಯಲ್ಲಿ ಯಾರೂ ಮನಬಂದಂತೆ ಓಡಾಡುವ ಹಾಗಿಲ್ಲ, ಪತ್ತೇದಾರಿ ಕತೆಗೆ ಬೇಕಾಗಿರುವುದೂ ಅದೇ.

ಅಲ್ಲಿ ಏಳುವುದಕ್ಕೆ, ಪಾಠಕ್ಕೆ, ಆಟಕ್ಕೆ, ಊಟಕ್ಕೆ, ದೀಪ ಆರಿಸುವುದಕ್ಕೆ ಎಲ್ಲಕ್ಕೂ ಗಂಟೆ ಹೊಡೆಯುತ್ತದೆ. ಯಾವ ಹೊತ್ತಿನಲ್ಲಿ ಯಾರು ಎಲ್ಲಿರಬೇಕೆಂಬುದು ಮೊದಲ ಕೆಲವು ಅಧ್ಯಾಯಗಳಲ್ಲೇ ಓದುಗರಿಗೂ ರೂಢಿಯಾಗುವುದರಿಂದ, ಆ ಕ್ರಮದಲ್ಲಿ ಆಗುವ ಅತಿ ಸಣ್ಣ ವ್ಯತ್ಯಾಸವೂ ಸುಳಿವಾಗುತ್ತದೆ. ರಾತ್ರಿಯ ಹಾಜರಿಯನ್ನೇ ನೋಡಿ. ವಾರ್ಡನ್ ಟಾರ್ಚ್ ಹಿಡಿದು ಮಂಚಗಳ ಸಾಲಿನ ನಡುವೆ ನಡೆಯುತ್ತಾರೆ, ಹೊದಿಕೆಯೊಳಗಿನ ಉಬ್ಬನ್ನು ಕಂಡು ಪುಸ್ತಕದಲ್ಲಿ ಗುರುತು ಹಾಕುತ್ತಾರೆ, ಮರುದಿನದ ವಿಚಾರಣೆಯಲ್ಲಿ ಆ ಗುರುತೇ ಹುಡುಗಿ ಮಲಗಿದ್ದಳೆಂಬುದಕ್ಕೆ ಸಾಕ್ಷಿಯಾಗುತ್ತದೆ. ಆದರೆ ರಾತ್ರಿ ಒಣಗಿದ್ದ ಅವಳ ಬೂಟುಗಳು ಬೆಳಿಗ್ಗೆ ಒದ್ದೆಯಾಗಿದ್ದುದು ಪಕ್ಕದ ಮಂಚದವಳಿಗೆ ಮಾತ್ರ ಗೊತ್ತು. ದೊಡ್ಡವರ ದಾಖಲೆಗೂ ಮಕ್ಕಳು ಕಣ್ಣಾರೆ ಕಂಡದ್ದಕ್ಕೂ ಹೊಂದಿಕೆಯಾಗದ ಈ ಜಾಗದಲ್ಲಿ ಇಡೀ ಕಾದಂಬರಿಯೇ ಹುಟ್ಟಬಲ್ಲದು.

ರಾಬಿನ್ ಸ್ಟೀವನ್ಸ್ 2014ರಲ್ಲಿ ಆರಂಭಿಸಿದ ಸರಣಿಯ ಮೊದಲ ಪುಸ್ತಕ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಓದುಗರು ತುಸು ಚಿಕ್ಕವರೇ ಆದರೂ ಕತೆಯ ಕಟ್ಟಡ ಬಹಳ ಗಟ್ಟಿ. 1934ರ ಇಂಗ್ಲೆಂಡಿನ ಡೀಪ್‌ಡೀನ್ ಎಂಬ ಹೆಣ್ಣುಮಕ್ಕಳ ಶಾಲೆಯಲ್ಲಿ, ಹಾಂಗ್‌ಕಾಂಗ್‌ನಿಂದ ಬಂದ ಹೇಝಲ್ ವಾಂಗ್ ವ್ಯಾಯಾಮದ ಕೊಠಡಿಯೊಳಗೆ ವಿಜ್ಞಾನದ ಶಿಕ್ಷಕಿಯ ಶವವನ್ನು ನೋಡುತ್ತಾಳೆ. ಇತರರನ್ನು ಕರೆತರುವಷ್ಟರಲ್ಲಿ ಶವವೇ ಅಲ್ಲಿರುವುದಿಲ್ಲ. ಕೊಲೆ ನಡೆದಿದೆ ಎಂಬುದನ್ನೇ ಮೊದಲು ಸಾಬೀತುಪಡಿಸಬೇಕಾದ ಅವಳೂ ಗೆಳತಿ ಡೈಸಿ ವೆಲ್ಸ್‌ಳೂ, ಆ ಸಂಜೆ ಯಾವ ಶಿಕ್ಷಕರು ಎಲ್ಲಿದ್ದರೆಂದು ಒಬ್ಬೊಬ್ಬರನ್ನಾಗಿ ಲೆಕ್ಕ ಹಾಕುತ್ತ ಹೋಗುತ್ತಾರೆ. ಅಧಿಕಾರವಿಲ್ಲದ ಪತ್ತೇದಾರರಿಗೆ ಶಾಲೆಯ ದಿನಚರಿಯೇ ಆಸರೆ.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯವೆನಿಸುತ್ತದೆ. ವೃತ್ತಿನಿರತ ಪತ್ತೇದಾರ ಶಂಕಿತರನ್ನು ಪ್ರಶ್ನಿಸಿ ಮನೆಗೆ ಹೋಗಬಹುದು, ವಿದ್ಯಾರ್ಥಿನಿಗೆ ಆ ಅನುಕೂಲವಿಲ್ಲ. ತಾನು ಸಂಶಯಪಡುವವಳ ಎದುರಿಗೇ ಕುಳಿತು ಅವಳು ಊಟ ಮಾಡಬೇಕು, ಅದೇ ಕೋಣೆಯಲ್ಲಿ ಮಲಗಬೇಕು, ತಪ್ಪಾಗಿ ಆರೋಪಿಸಿದರೆ ವರ್ಷಪೂರ್ತಿ ಅದೇ ಮುಖವನ್ನು ನೋಡಬೇಕು. ಸ್ನೇಹಗಳು ಜೀವಕ್ಕಿಂತ ಹೆಚ್ಚಾಗಿರುವ ವಯಸ್ಸಿನಲ್ಲಿ ಸತ್ಯ ಹೇಳುವುದಕ್ಕೆ ತೆರಬೇಕಾದ ಬೆಲೆ ಇದು. ಅಗಾಥಾ ಕ್ರಿಸ್ಟಿ ದೊಡ್ಡವರಿಗಾಗಿ ಬರೆದ 1959ರ ಕಾದಂಬರಿಯೊಂದು ಮೆಡೋಬ್ಯಾಂಕ್ ಎಂಬ ಶಾಲೆಯಲ್ಲಿ ನಡೆಯುತ್ತದೆ; ಅಲ್ಲಿಯೂ ಕ್ರಿಸ್ಟಿಯ ಹೆಸರಾಂತ ಪತ್ತೇದಾರ ಪ್ವಾರೋ ಕಾಣಿಸಿಕೊಳ್ಳುವುದು ಬಹಳ ತಡವಾಗಿ, ಅದೂ ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ತಾನಾಗಿ ಅವನನ್ನು ಹುಡುಕಿಕೊಂಡು ಹೋದ ಮೇಲೆ.

ಶಾಲೆಯ ಹೆಸರು ಕೆಡಬಾರದೆಂದು ಆಡಳಿತದವರು ವಿಷಯ ಮುಚ್ಚಿಡುವುದು ಈ ಪ್ರಕಾರದಲ್ಲಿ ಸಾಮಾನ್ಯ, ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗುಪ್ತ ದಾರಿಗಳ ವಿಷಯ ಹಾಗಲ್ಲ. ಕತೆ ಸಿಕ್ಕಿಕೊಂಡಾಗ ಪುಸ್ತಕದ ಕಪಾಟಿನ ಹಿಂದೆ ಬಾಗಿಲೊಂದನ್ನು ತೆರೆಯುವ ಲೇಖಕರು ಓದುಗರಿಗೆ ಅನ್ಯಾಯ ಮಾಡುತ್ತಾರೆ, ಏಕೆಂದರೆ ಅಲ್ಲಿಯವರೆಗೆ ನಾವು ಹಾಕಿದ ಲೆಕ್ಕವೆಲ್ಲ ಆ ಬಾಗಿಲಿನಿಂದ ವ್ಯರ್ಥವಾಗುತ್ತದೆ. ಮೊರೀನ್ ಜಾನ್ಸನ್ 2018ರಲ್ಲಿ ಆರಂಭಿಸಿದ ಸರಣಿಯಲ್ಲಿಯೂ ಸುರಂಗಗಳಿವೆ, ಆದರೆ ನಾನು ಅವನ್ನು ಒಪ್ಪುತ್ತೇನೆ. ವರ್ಮಾಂಟ್‌ನ ಎಲಿಂಗ್‌ಹ್ಯಾಮ್ ಅಕಾಡೆಮಿಯನ್ನು ಕಟ್ಟಿಸಿದವನಿಗೆ ಒಗಟುಗಳ ಹುಚ್ಚು ಎಂಬುದನ್ನು ಅವರು ಮೊದಲೇ ತಿಳಿಸಿರುತ್ತಾರೆ. 1936ರಲ್ಲಿ ಅವನ ಹೆಂಡತಿ ಮತ್ತು ಮಗಳನ್ನು ಅಪಹರಿಸಿದವರು ಯಾರೆಂದು ಹುಡುಕುವ, ಅಲ್ಲಿನ ಈಗಿನ ಕಾಲದ ವಿದ್ಯಾರ್ಥಿನಿ ಸ್ಟೀವಿ ಬೆಲ್‌ಳಿಗೆ, ಕಟ್ಟಿಸಿದವನ ಸ್ವಭಾವವನ್ನು ಅರಿಯುವುದೂ ತನಿಖೆಯ ಭಾಗವೇ ಆಗಿರುತ್ತದೆ.