ಕೆರೆ ಅಂಗಳಕ್ಕೆ ಜೆಸಿಬಿ ಇಳಿಸುವ ಮುನ್ನ

ಕೊಪ್ಪಳ, ರಾಯಚೂರು ಸೀಮೆಯಲ್ಲಿ ಕೆರೆ ಕೆಲಸ ಅಂದರೆ ಹೂಳೆತ್ತುವುದು ಎಂದೇ ಎಲ್ಲರ ಲೆಕ್ಕ. ದುಡ್ಡು ಕೊಡುವವರು ಕೇಳುವುದೂ ಎಷ್ಟು ಟ್ರಿಪ್ ಮಣ್ಣು ಹೋಯಿತು ಅಂತಲೇ. ಬರೀ ನೀರು ನಿಲ್ಲಿಸಬೇಕಿದ್ದರೆ ಅಷ್ಟು ಸಾಕು. ಹಕ್ಕಿ, ಕಪ್ಪೆ, ಮೀನುಮರಿ ಮರಳಿ ಬರಬೇಕಿದ್ದರೆ ಆಳಕ್ಕಿಂತ ಅಂಚು ಮುಖ್ಯ. ಸುತ್ತಲೂ ನೆಟ್ಟಗೆ ಕಡಿದ ಕೆರೆಯಲ್ಲಿ ನೀರೇನೋ ಇರುತ್ತದೆ, ಕೊಕ್ಕರೆಗೆ ಕಾಲೂರಲು ಜಾಗ ಇರುವುದಿಲ್ಲ.

ಮೊದಲು ಕೆರೆ ಯಾವ ಜಾತಿಯದು ಎಂದು ನೋಡಿಕೊಳ್ಳಬೇಕು. ಕುಷ್ಟಗಿ, ಯಲಬುರ್ಗಾ ಕಡೆಯವು ಮಳೆಗೆ ತುಂಬಿ ಬೇಸಿಗೆಗೆ ಒಣಗುತ್ತವೆ. ಒಣಗುವುದು ರೋಗವಲ್ಲ, ಅಂಗಳ ಬಿಸಿಲು ಕಂಡರೆ ಜೊಂಡು ಹತೋಟಿಯಲ್ಲಿರುತ್ತದೆ, ಮುಂದಿನ ನೀರಿಗೆ ಹುಳುಹುಪ್ಪಟೆ ಹುಲುಸಾಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಕೆರೆಗಳ ಕಥೆ ಇದಕ್ಕೆ ತಿರುಗಾಮುರುಗಾ. ಭತ್ತದ ಗದ್ದೆಯ ಬಸಿನೀರು ಬಂದು ಅವು ಒಣಗುವುದೇ ಅಪರೂಪ, ಹಾಗಾಗಿ ಆಪು ಎಂಬ ಎತ್ತರದ ಜೊಂಡು ದಟ್ಟವಾಗಿ ಹಬ್ಬುತ್ತದೆ. ಅದನ್ನು ನೀರಿನ ಮೇಲೆ ಕೊಯ್ದರೆ ತಿಂಗಳೊಳಗೆ ಮತ್ತೆ ಚಿಗುರುತ್ತದೆ. ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ, ಒಣಗಿದ ದಂಟುಗಳನ್ನೂ ಬಿಡದೆ ಕೊಯ್ಯಬೇಕು. ಗೆಡ್ಡೆಗೆ ಗಾಳಿ ಹೋಗುವುದು ದಂಟಿನ ಮೂಲಕ. ಕೊಯ್ದ ಬಾಯಿ ನೀರಲ್ಲಿ ಮುಳುಗಿದ್ದರೆ ಗೆಡ್ಡೆ ಕೊಳೆಯುತ್ತದೆ. ಪೂರ್ತಿ ತೆಗೆಯಬೇಡಿ. ಹಳ್ಳದ ನೀರು ಒಳಬರುವ ಬಾಯಲ್ಲಿ ಒಂದು ಪಟ್ಟಿ ಬಿಟ್ಟರೆ ಹೂಳು, ಕೊಳೆ ಅಲ್ಲೇ ತಡೆಯುತ್ತದೆ.

ಹೂಳಿನ ಆಳ ತಿಳಿಯಲು ಹಳ್ಳದ ಬಾಯಿಂದ ಏರಿಯವರೆಗೆ ನಾಲ್ಕಾರು ಕಡೆ ಗುಂಡಿ ತೋಡಿ ನೋಡಿ. ಮೇಲಿನ ಪದರ ಪುಡಿಯಾಗುತ್ತದೆ, ಕೆಳಗೆ ಹಳೆಯ ಅಂಗಳದ ಗಟ್ಟಿ ಅಂಟುಮಣ್ಣು ಸಿಗುತ್ತದೆ, ಅದರಡಿ ಬಹಳ ಕಡೆ ಗರಸು. ಅಂಟುಮಣ್ಣಿಗೆ ಒಂದು ಅಡಿ ಇರುವಾಗಲೇ ಬಕೆಟ್ ನಿಲ್ಲಬೇಕು. ಗರಸು ಕಂಡಿತೋ, ತುಂಬಿದ ನೀರು ಅಲ್ಲಿಂದಲೇ ಇಂಗಿ ಹೋಗುತ್ತದೆ. ಹಾಗೇನಾದರೂ ಆದರೆ ಅಂಟುಮಣ್ಣನ್ನು ಅರ್ಧ ಅಡಿಯ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, ರೋಲರ್ ಓಡಿಸುವುದೊಂದೇ ದಾರಿ. ಏರಿಯ ಬುಡದಿಂದ 10–15 ಮೀಟರ್ ಒಳಗೆ ಅಗೆತವೇ ಬೇಡ.

ಲೆಕ್ಕ ಹೀಗಿದೆ: ಒಂದು ಎಕರೆಯಲ್ಲಿ ಒಂದು ಅಡಿ ತೆಗೆದರೆ ಸುಮಾರು 1,230 ಘನ ಮೀಟರ್. ಅಗೆದ ಮಣ್ಣು ಉಬ್ಬುವುದರಿಂದ 1,500 ಹಿಡಿಯಿರಿ. ಟ್ರೇಲರಿಗೆ ಮೂರು ಘನ ಮೀಟರ್ ಅಂದರೂ 500 ಟ್ರಿಪ್. ಇಷ್ಟು ಮಣ್ಣು ಎಲ್ಲಿಗೆ ಎಂಬುದು ಕೆಲಸ ಶುರುವಾಗುವ ಮೊದಲೇ ತೀರ್ಮಾನವಾಗಿರಲಿ. ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ಹೂಳು ವರ, ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಹೊರೆ. ಕಾಲುವೆ ಭಾಗದ ಹೂಳಿನಲ್ಲಿ ಸವಳು ಇರಬಹುದು. ಮಣ್ಣು ಪರೀಕ್ಷೆಯಲ್ಲಿ ಲವಣಾಂಶದ (ಇಸಿ) ಅಂಕಿ 1 dS/m ದಾಟಿದ್ದರೆ ರೈತರ ಹೊಲಕ್ಕೆ ಕಳಿಸಬೇಡಿ.

ಇಳಿಜಾರಿಗೆ ಬರೋಣ. ಏರಿಯ ಎದುರಿನ ದಂಡೆಯಲ್ಲಿ ಹತ್ತು ಅಡಿ ನಡೆದರೆ ಒಂದು ಅಡಿ ಇಳಿಯುವಂತಿರಬೇಕು, ಇನ್ನೂ ಸಪಾಟಾದರೆ ಇನ್ನೂ ಒಳ್ಳೆಯದು. ಕೆಸರಲ್ಲಿ ನಡೆದು ಮೇಯುವ ಉಲ್ಲಂಕಿ ಹಕ್ಕಿಗಳಿಗೆ 10 ಸೆಂ.ಮೀ. ಒಳಗಿನ ನೀರು ಬೇಕು, ತೇಲುತ್ತಾ ಮೇಯುವ ಬಾತುಗಳಿಗೆ 30ರವರೆಗೆ. ಇಳಿಜಾರಿದ್ದರೆ ನೀರು ಇಳಿದಂತೆಲ್ಲ ಈ ತೆಳುನೀರಿನ ಪಟ್ಟಿಯೂ ಜೊತೆಗೆ ಸರಿಯುತ್ತದೆ. ಗೂಟ ಹೊಡೆದು ಟ್ಯೂಬ್ ಲೆವೆಲ್‌ನಲ್ಲಿ (ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಕೊಳವೆ) ಗುರುತು ಮಾಡಿ. ಜೆಸಿಬಿ ಬಾಡಿಗೆ ತಾಸಿನ ಲೆಕ್ಕದಲ್ಲಿರಲಿ. ಟ್ರಿಪ್ ಲೆಕ್ಕವಾದರೆ ಡ್ರೈವರ್ ಒಂದೇ ಕಡೆ ತೋಡುತ್ತಾನೆ, ಅದು ಅವನ ತಪ್ಪಲ್ಲ.

ಇನ್ನು ಜಾಲಿ. ಬಳ್ಳಾರಿ ಜಾಲಿ ಹೋಗಬೇಕು, ಕರಿಜಾಲಿ ಉಳಿಯಬೇಕು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ, ಹಿಂದೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಅಂಕಸಮುದ್ರ ಕೆರೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದು ನೀರಲ್ಲಿ ನಿಂತ ಕರಿಜಾಲಿಯ ಮೇಲೆಯೇ. ಯಂತ್ರದ ಮೇಲೆ ಕೂತವರಿಗೆ ಎರಡೂ ಒಂದೇ ಮುಳ್ಳು. ಕರಿಜಾಲಿಗೆ ಹಳದಿ ಗುಂಡು ಹೂ, ಮಣಿ ಪೋಣಿಸಿದಂಥ ಬೂದು ಕಾಯಿ. ಬಳ್ಳಾರಿ ಜಾಲಿಗೆ ಉದ್ದ ತೆನೆಯಂಥ ಹೂ, ಹಣ್ಣಾದಾಗ ಹಳದಿ ಕಾಯಿ. ಉಳಿಸುವ ಮರಕ್ಕೆ ಎದೆಮಟ್ಟದಲ್ಲಿ ಸುಣ್ಣದ ಪಟ್ಟಿ ಬಳಿದು ಆಮೇಲೆ ಯಂತ್ರ ಇಳಿಸಿ. ಬಳ್ಳಾರಿ ಜಾಲಿಯನ್ನು ಕಡಿದರೆ ಒಂದಕ್ಕೆ ಹತ್ತು ಕೊಂಬೆ. ನೆಲದಡಿ ಒಂದು ಅಡಿವರೆಗಿನ ಬುಡದ ಗಂಟು ಕಿತ್ತು ಬರಬೇಕು. ಕುರಿ, ಆಡು, ದನ ಕಾಯಿ ತಿಂದು ಬೀಜ ಹರಡುವುದರಿಂದ ಕನಿಷ್ಠ ಮೂರು ಮಳೆಗಾಲ ಸಸಿ ಕೀಳುವ ಕೂಲಿಯನ್ನು ಅಂದಾಜುಪಟ್ಟಿಯಲ್ಲೇ ಬರೆಯಿರಿ. ಬಹಳ ಯೋಜನೆಗಳು ಸೋಲುವುದು ಇಲ್ಲೇ. ಒಂದೇ ವರ್ಷ ಎಲ್ಲ ಬೋಳಿಸುವುದೂ ಬೇಡ. ಊರಿನ ಸೌದೆಯೂ ಹಕ್ಕಿಗಳ ರಾತ್ರಿ ಠಾವೂ ಅದೇ ಆಗಿರುತ್ತದೆ.

ಕರಿಜಾಲಿ ಬೀಜವನ್ನು ಬಿಸಿನೀರಿಗೆ ಹಾಕಿ ಒಂದು ದಿನ ನೆನೆಸಿ ಚೀಲಕ್ಕೆ ಹಾಕಿ. ವರ್ಷದ ಸಸಿಗಳನ್ನು ಅಂಗಳದ ದಿಬ್ಬಗಳ ಮೇಲೆ, ನಾಲ್ಕೈದು ಮೀಟರ್ ಅಂತರದಲ್ಲಿ, ಮೊದಲ ಮಳೆಗೆ ನೆಡಿ. ಮೊದಲ ವರ್ಷ ತುದಿ ಮುಳುಗಿದರೆ ಸಸಿ ಸಾಯುತ್ತದೆ, ದಿಬ್ಬದ ಎತ್ತರವನ್ನು ಕೋಡಿ ಮಟ್ಟ ನೋಡಿಯೇ ಇಟ್ಟುಕೊಳ್ಳಿ.

ಕಾಗದಪತ್ರಕ್ಕೆ ಬಂದರೆ, 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟಿರುವ ಕೆರೆಗೆ ಪಂಚಾಯತಿ ಕಡೆ, ಅದಕ್ಕೂ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆಗೆ ಹೋಗಬೇಕು. ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆದಲ್ಲಿ ನಿಂತ ನೀರು ಹೊಲಕ್ಕೆ ಹರಿಯುವುದಿಲ್ಲ, ದನಕ್ಕೆ, ಹಕ್ಕಿಗೆ ಮಾತ್ರ. ಇದನ್ನು ಅಚ್ಚುಕಟ್ಟಿನ ರೈತರಿಗೆ ಮೊದಲೇ ಹೇಳದಿದ್ದರೆ ಮುಂದೆ ಜಗಳ ಖಾತ್ರಿ. ಮೀನಿನ ಗುತ್ತಿಗೆಯ ಷರತ್ತಿನಲ್ಲಿ ಗೂಡಿನ ಮರಗಳ ಸುತ್ತ ಬಲೆ ಬೀಸುವಂತಿಲ್ಲ, ಪಟಾಕಿ ಸಿಡಿಸುವಂತಿಲ್ಲ, ಆಫ್ರಿಕನ್ ಕ್ಯಾಟ್‌ಫಿಶ್ ಬಿಡುವಂತಿಲ್ಲ ಎಂಬ ಮೂರು ಸಾಲು ಸೇರಿಸಲು ಹರಾಜಿಗೆ ಮೊದಲೇ, ಹರಾಜು ಮಾಡುವ ಪಂಚಾಯತಿಗೋ ಇಲಾಖೆಗೋ ಅರ್ಜಿ ಕೊಡಿ. ಗುತ್ತಿಗೆ ಕೂಗಿದ ಮೇಲೆ ಅದು ಆಗದ ಮಾತು.