ಮಿಸ್, ಡಂಬಲ್‌ಡೋರ್ ಯಾಕೆ ಮೊದಲೇ ಹೇಳಲಿಲ್ಲ?

ಹಾಸನದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಲೈಬ್ರರಿ ಪೀರಿಯಡ್ಡೂ ನನ್ನದೇ. ಹ್ಯಾರಿ ಪಾಟರ್‌ನ ಏಳೂ ಪುಸ್ತಕ ನಮ್ಮ ಬೀರುವಿನಲ್ಲಿವೆ. ಮೊದಲನೆಯದು ಬಂದಿದ್ದು 1997ರಲ್ಲಿ, ಕೊನೆಯದು 2007ರಲ್ಲಿ. ಈಗಿನ ಮಕ್ಕಳು ಆಗ ಹುಟ್ಟೇ ಇರಲಿಲ್ಲ. ಆದರೂ ಬೈಂಡು ಕಿತ್ತುಹೋಗುವಷ್ಟು ಓದುತ್ತಾರೆ. ಐದನೇ ಪುಸ್ತಕ ಎಲ್ಲಕ್ಕಿಂತ ದಪ್ಪ, ಅದನ್ನು ಎರಡು ಸಲ ಹೊಲಿಸಿದ್ದೇನೆ. ಅದನ್ನು ವಾಪಸ್ ಕೊಡಲು ಬಂದವರು ಕೇಳುವುದು ಒಂದೇ ಪ್ರಶ್ನೆ. "ಮಿಸ್, ಹೆಡ್‌ಮಾಸ್ಟರಿಗೆ ಎಲ್ಲಾ ಗೊತ್ತಿತ್ತಲ್ವಾ? ಹ್ಯಾರಿಗೆ ಯಾಕೆ ಮೊದಲೇ ಹೇಳಲಿಲ್ಲ?"

ಓದದವರಿಗೆ ಎರಡು ಮಾತು. ಡಂಬಲ್‌ಡೋರ್ ಮಾಂತ್ರಿಕರ ಶಾಲೆಯ ಹೆಡ್‌ಮಾಸ್ಟರ್. ಬಿಳಿ ಗಡ್ಡ, ಅರ್ಧಚಂದ್ರದ ಕನ್ನಡಕ. ಹಳೇ ಇಂಗ್ಲಿಷಿನಲ್ಲಿ ಡಂಬಲ್‌ಡೋರ್ ಅಂದರೆ ದುಂಬಿ. ತನ್ನಷ್ಟಕ್ಕೆ ಗುನುಗಿಕೊಂಡು ಓಡಾಡುವ ಅಜ್ಜನನ್ನು ನೆನೆದು ಲೇಖಕಿ ಈ ಹೆಸರಿಟ್ಟರಂತೆ. ನನಗೆ ಈ ವಿಷಯ ತುಂಬಾ ಇಷ್ಟ. ಹ್ಯಾರಿ ಹುಟ್ಟುವ ಮೊದಲೇ ಒಂದು ಕಣಿ ಆಗಿರುತ್ತದೆ. ಅವನು ಮತ್ತು ದುಷ್ಟ ಮಾಂತ್ರಿಕ ವೋಲ್ಡೆಮಾರ್ಟ್, ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಕೈಯಲ್ಲಿ ಸಾಯಲೇಬೇಕು ಅಂತ. ಅದನ್ನು ಕಿವಿಯಾರೆ ಕೇಳಿದವರು ಡಂಬಲ್‌ಡೋರ್. ಹನ್ನೊಂದು ವರ್ಷದ ಹ್ಯಾರಿ, "ಅವನು ನನ್ನನ್ನೇ ಯಾಕೆ ಕೊಲ್ಲೋಕೆ ಬಂದ?" ಅಂತ ಕೇಳುತ್ತಾನೆ. ಇವತ್ತು ಬೇಡ, ದೊಡ್ಡವನಾದ ಮೇಲೆ ಹೇಳುತ್ತೇನೆ ಅನ್ನುತ್ತಾರೆ. ಮುಂದಿನ ವರ್ಷವೂ ಹೇಳುವುದಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಐದನೇ ವರ್ಷವಂತೂ ಹುಡುಗನ ಮುಖವನ್ನೂ ನೋಡುವುದಿಲ್ಲ. ಇಬ್ಬರ ಸಲಿಗೆ ಗೊತ್ತಾದರೆ ವೋಲ್ಡೆಮಾರ್ಟ್ ಹುಡುಗನ ಮನಸ್ಸಿನ ಮೂಲಕ ತನ್ನ ಮೇಲೆ ಕಣ್ಣಿಡುತ್ತಾನೆ ಅನ್ನುವ ಭಯ ಅವರಿಗೆ. ಹುಡುಗನಿಗೆ ಅದು ಗೊತ್ತಿಲ್ಲ. ಬೇಕಾದ ಮಾತು ಹೇಳುವವರಿಲ್ಲದೆ ಅವನು ಮೋಸ ಹೋಗುತ್ತಾನೆ. ಅವನನ್ನು ಉಳಿಸಲು ಬಂದ ಸಿರಿಯಸ್ ಸಾಯುತ್ತಾನೆ. ಸಿರಿಯಸ್ ಅಪ್ಪನ ಗೆಳೆಯ, ಅವನಿಗೆ ಅಪ್ಪನ ಜಾಗದಲ್ಲಿದ್ದವನು.

ಆಮೇಲಿನ ಅಧ್ಯಾಯವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಹೆಡ್‌ಮಾಸ್ಟರ್ ರೂಮು. ಹ್ಯಾರಿ ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ಒಗೆಯುತ್ತಾನೆ. ಬೆಳ್ಳಿಯ ಸೂಕ್ಷ್ಮ ಉಪಕರಣಗಳು ಪುಡಿಪುಡಿ. ಡಂಬಲ್‌ಡೋರ್ ಗದರುವುದಿಲ್ಲ, ತಡೆಯುವುದಿಲ್ಲ. ಇದರಲ್ಲಿ ಹೆಚ್ಚಿನ ತಪ್ಪು ನನ್ನದು ಅನ್ನುತ್ತಾರೆ. ಆಮೇಲೆ ಒಂದೊಂದೇ ವರ್ಷ ಎತ್ತಿಕೊಂಡು, ಆ ವರ್ಷ ಯಾಕೆ ಹೇಳಲಿಲ್ಲ, ತನಗೆ ತಾನೇ ಯಾವ ನೆಪ ಹೇಳಿಕೊಂಡೆ ಅಂತ ಹುಡುಗನ ಮುಂದೆ ಬಿಡಿಸಿಡುತ್ತಾರೆ. ನಿನ್ನ ಮೇಲೆ ಪ್ರೀತಿ ಜಾಸ್ತಿಯಾಯಿತು, ನಿನಗೆ ಸತ್ಯ ಗೊತ್ತಾಗುವುದಕ್ಕಿಂತ ನೀನು ಖುಷಿಯಾಗಿರುವುದೇ ಮುಖ್ಯ ಅನ್ನಿಸಿತು ಅನ್ನುತ್ತಾರೆ. ಕೊನೆಗೆ ಒಂದು ಹನಿ ಕಣ್ಣೀರು ಗಡ್ಡದೊಳಗೆ ಇಳಿಯುತ್ತದೆ.

ಹಾಗಾಗಿ ಮಕ್ಕಳಿಗೆ ನನ್ನ ಉತ್ತರ ಇಷ್ಟೇ. ಪ್ರೀತಿಯಿಂದ ಹೇಳಲಿಲ್ಲ. ಅದು ತಪ್ಪು. ತಪ್ಪು ಅಂತ ಅವರೇ ಒಪ್ಪಿಕೊಂಡರು, ಅದೂ ಹದಿನೈದು ವರ್ಷದ ಹುಡುಗನ ಮುಂದೆ ಕೂತು. ಡಂಬಲ್‌ಡೋರ್ ದೊಡ್ಡವರು ಅಂತ ನನಗೆ ಅನ್ನಿಸುವುದು ಅವರ ಮಂತ್ರದಂಡಕ್ಕಲ್ಲ, ಈ ಮಾತಿಗೆ. ಮಕ್ಕಳ ಮುಂದೆ "ತಪ್ಪು ನನ್ನದು" ಅನ್ನುವ ದೊಡ್ಡವರನ್ನು ನಾವು ಎಷ್ಟು ಜನರನ್ನು ಕಂಡಿದ್ದೇವೆ?

ನಮ್ಮ ಕಥೆಗಳನ್ನೇ ನೋಡಿ. ಕರ್ಣನಿಗೆ ಅವನ ಹುಟ್ಟಿನ ಗುಟ್ಟು ತಿಳಿಯುವುದು ಯುದ್ಧದ ಬಾಗಿಲಲ್ಲಿ. ಕೃಷ್ಣ ಹೇಳುತ್ತಾನೆ, ಆಮೇಲೆ ಕುಂತಿ ಬರುತ್ತಾಳೆ. ಇಬ್ಬರಿಗೂ ಅವನಿಂದ ಏನೋ ಆಗಬೇಕಾಗಿದೆ. ಕುಮಾರವ್ಯಾಸನ ಆ ಭಾಗ ಪಾಠ ಮಾಡುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ.

ಏಳನೇ ಪುಸ್ತಕ ಮುಗಿಸಿದವರ ಪ್ರಶ್ನೆ ಇನ್ನೂ ಖಾರ. ಅದರಲ್ಲಿ ಸ್ನೇಪ್ ಅನ್ನುವ ಮೇಷ್ಟ್ರು, ಈ ಹುಡುಗನನ್ನು ಕಡಿಯುವುದಕ್ಕೆ ಹಂದಿ ಸಾಕಿದ ಹಾಗೆ ಸಾಕಿದ್ದೀರಿ ಅಂತ ಡಂಬಲ್‌ಡೋರ್‌ಗೇ ಹೇಳುತ್ತಾರೆ. ಹ್ಯಾರಿಯ ಒಳಗೆ ವೋಲ್ಡೆಮಾರ್ಟ್‌ನ ಆತ್ಮದ ಒಂದು ಚೂರು ಇದೆ, ಅದು ಹೋಗಬೇಕಾದರೆ ಹ್ಯಾರಿ ಸಾವಿಗೆ ಎದೆ ಕೊಡಬೇಕು. ಇದೂ ಅವರಿಗೆ ಗೊತ್ತಿತ್ತು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, "ಹಬ್ಬಕ್ಕೆ ತಂದ ಹರಕೆಯ ಕುರಿ ಅಲ್ವಾ ಮಿಸ್ ಅವನು?" ಅಂದಳು. ಬಸವಣ್ಣನ ವಚನ ಇಷ್ಟು ಸರಿಯಾದ ಜಾಗಕ್ಕೆ ಬಂದು ಕೂತಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಹುಡುಗ ಬದುಕುವ ದಾರಿ ಇದೆ ಅನ್ನುವ ಆಸೆ ಡಂಬಲ್‌ಡೋರ್‌ಗೆ ಇತ್ತು, ನಿಜ. ವೋಲ್ಡೆಮಾರ್ಟ್ ಹ್ಯಾರಿಯ ರಕ್ತ ತೆಗೆದುಕೊಂಡಿದ್ದರಿಂದ ಆ ಆಸೆ. ಆದರೂ ಮತ್ತೆ ಮುಚ್ಚಿಟ್ಟರು. ಒಮ್ಮೆ ಅತ್ತು ಒಪ್ಪಿಕೊಂಡವರೇ ಎರಡನೇ ಸಲವೂ ಅದನ್ನೇ ಮಾಡಿದರು. ಇದನ್ನು ನಾನು ಸಮರ್ಥಿಸುವುದಿಲ್ಲ. ಅವರು ಬೆಳೆದ ಮನೆಯೇ ಹಾಗಿತ್ತು. ತಂಗಿ ಅರಿಯಾನಾಳ ಸ್ಥಿತಿಯನ್ನು ಊರಿಗೆ ಗೊತ್ತಾಗದ ಹಾಗೆ ಬಚ್ಚಿಟ್ಟ ಮನೆ. ಅಣ್ಣ ಗುಟ್ಟು ಮಾಡುವುದನ್ನು ಕಲಿತದ್ದೇ ಅಮ್ಮನಿಂದ ಅಂತ ತಮ್ಮ ಅಬರ್‌ಫೋರ್ತ್ ಸಿಟ್ಟಿನಿಂದ ಹೇಳುತ್ತಾನೆ. ನೂರು ವರ್ಷ ದಾಟಿದರೂ ಆ ಅಭ್ಯಾಸ ಬಿಡಲಿಲ್ಲ.

ಕುರಿಯ ಮಾತಾಡಿದ ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. "ನೀವು ಯಾರಿಗಾದ್ರೂ ಹಾಗೆ ಮಾಡಿದ್ದೀರಾ ಮಿಸ್?" ಅಂತ ಕೇಳಿದಳು. ಮಾಡಿದ್ದೇನೆ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಆಗ ನಾನು ಬೇರೆ ಶಾಲೆಯಲ್ಲಿದ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತಿತ್ತು. ಸಕಲೇಶಪುರ ಕಡೆಯ ಒಬ್ಬ ಹುಡುಗ ಹಾಸ್ಟೆಲ್‌ನಲ್ಲಿದ್ದ. ಅವನನ್ನು ಸಾಕಿದ್ದು ಅಜ್ಜಿ. ಇನ್ನೂ ಎರಡು ಪೇಪರ್ ಬಾಕಿ ಇರುವಾಗ ರಾತ್ರಿ ಅಜ್ಜಿ ತೀರಿಕೊಂಡರು. ಪರೀಕ್ಷೆ ಮುಗಿಯುವ ತನಕ ಹೇಳಬೇಡಿ ಅಂತ ಮನೆಯವರು ಫೋನ್ ಮಾಡಿದರು. ಶಾಲೆಯಲ್ಲಿ ಎಲ್ಲರೂ ಹೂಂ ಅಂದರು, ನಾನೂ ಅಂದೆ. ಮಾರನೇ ಬೆಳಗ್ಗೆ ಅವನು ಗೇಟಿನ ಹತ್ತಿರ ಹಾಲ್ ಟಿಕೆಟ್ ಹಿಡಿದು ನಿಂತಿದ್ದ. "ನಿನ್ನೆ ಅಜ್ಜಿ ಫೋನೇ ಮಾಡಲಿಲ್ಲ ಮಿಸ್" ಅಂದ. ನಾನು ಬ್ಯಾಗಿನಿಂದ ಒಂದು ಹೊಸ ನೀಲಿ ಪೆನ್ನು ತೆಗೆದು ಕೊಟ್ಟೆ. "ನೆಟ್‌ವರ್ಕ್ ಇರಲ್ಲ ಕಣೋ, ಚೆನ್ನಾಗಿ ಬರಿ" ಅಂದೆ. ಅವನ ಮುಖ ನೋಡಲಿಲ್ಲ, ಪೆನ್ನನ್ನೇ ನೋಡುತ್ತಿದ್ದೆ.

ಅವನು ಒಳ್ಳೆ ಮಾರ್ಕ್ಸ್ ತೆಗೆದು ಪಾಸಾದ. ಶಾಲೆಯ ಕಡೆ ಮತ್ತೆ ಬರಲಿಲ್ಲ.

ಜೂನ್‌ನಲ್ಲಿ ನಾನೇ ಅವನ ಊರಿಗೆ ಹೋದೆ. ಜೋರು ಮಳೆ. ಬಸ್ಸಿಳಿದು ಕಾಫಿ ತೋಟದ ಪಕ್ಕದ ದಾರಿಯಲ್ಲಿ ನಡೆದು ಹೋಗುವಷ್ಟರಲ್ಲಿ ಸೀರೆ ಮೊಣಕಾಲಿನವರೆಗೆ ನೆಂದಿತ್ತು. ಅವನು ಜಗಲಿಯಲ್ಲಿ ಕೂತಿದ್ದ. ಎದ್ದು ನಿಂತ, ಮಾತಾಡಲಿಲ್ಲ. ಅವನ ಅಮ್ಮ ಕುರ್ಚಿ ಹಾಕಿ, ಕಾಫಿ ಮಾಡಲು ಒಳಗೆ ಹೋದರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ತಪ್ಪಾಯ್ತು ಕಣೋ" ಅಂತ ಮಾತ್ರ ಅಂದೆ.

ಅವನು ತುಂಬಾ ಹೊತ್ತು ಅಂಗಳದ ನೀರು ನೋಡುತ್ತಾ ಕೂತ. ಆಮೇಲೆ ಕೇಳಿದ. "ಪೆನ್ನು ಕೊಟ್ಟಾಗ ನಿಮಗೆ ಗೊತ್ತಿತ್ತಾ ಮಿಸ್?"

"ಗೊತ್ತಿತ್ತು."

"ನನಗೆ ಅಜ್ಜಿಗೆ ಯಾವ ಸೀರೆ ಉಡಿಸಿದ್ರು ಅಂತಾನೂ ಗೊತ್ತಿಲ್ಲ" ಅಂದ. ಹಾಗಂದವನು ಅಳೋಕೆ ಶುರು ಮಾಡಿದ. ಅವನ ಅಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತರು. "ಹಸಿರು ಸೀರೆ ಕಣಪ್ಪಾ, ನಿನ್ನ ಮಾವ ದೀಪಾವಳಿಗೆ ತಂದಿದ್ದು" ಅಂದರು.