ಕಾಟಾ ಕೋಣೆಗೆ ತಂದ ಪುಟ್ಟ ಕಂಪ್ಯೂಟರ್

2025ರ ಜನವರಿಯ ಒಂದು ಸೋಮವಾರ ಬೆಳಿಗ್ಗೆ, ಕಲಬುರಗಿಯ ನಮ್ಮ ದಾಲ್ ಮಿಲ್ಲಿನ ಗೇಟಿನ ಹೊರಗೆ ತೊಗರಿ ತುಂಬಿದ ಹನ್ನೊಂದು ಗಾಡಿಗಳು ನಿಂತಿದ್ದವು. ಮೊದಲನೆಯ ಲಾರಿ ಕಾಟಾದ, ಅಂದರೆ ಗಾಡಿಗಳನ್ನು ತೂಗುವ ದೊಡ್ಡ ತಕ್ಕಡಿಯ, ಮೇಲೇರಿತ್ತು. ತೂಕ ತೋರಿಸುವ ಇಂಡಿಕೇಟರಿನ ಕೆಂಪು ಅಂಕಿಗಳು 24,380 ಕಿಲೋಗೆ ಬಂದು ಸ್ಥಿರವಾಗಿದ್ದವು. ಅದರ ಪಕ್ಕದಲ್ಲೇ, ಹಿಂದಿನ ಸಂಜೆ ನಾನೇ ಕೈಯಾರೆ ಜೋಡಿಸಿದ್ದ ಹೊಸ ಕಂಪ್ಯೂಟರಿನ ಪರದೆಯಲ್ಲಿ ತೂಕದ ಜಾಗದಲ್ಲಿ ಬರೀ ಸೊನ್ನೆ ಇತ್ತು. ಆ ಸೊನ್ನೆಯನ್ನು ನೋಡುತ್ತ ಕುಳಿತ ಗಳಿಗೆ ನನಗೆ ಇಂದಿಗೂ ಮರೆತಿಲ್ಲ.

ಕಂಪ್ಯೂಟರ್ ಬದಲಿಸುವ ಮಾತು ಬಂದದ್ದಕ್ಕೆ ಕಾರಣವಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುವ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ನಮ್ಮಲ್ಲಿದ್ದ ನಾಲ್ಕು ದೊಡ್ಡ ಸಿಪಿಯುಗಳೂ ಇಂಟೆಲ್‌ನ ನಾಲ್ಕನೆಯ ಪೀಳಿಗೆಯವು. ವಿಂಡೋಸ್ 11ಕ್ಕೆ ಎಂಟನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಹೊಸದನ್ನು ಕೊಳ್ಳದೆ ಗತಿಯಿರಲಿಲ್ಲ. ಹಂಗಾಮು ಮುಗಿದ ಮೇಲೆ ತರೋಣವೆಂದು ನಾನು ಕೇಳಿಕೊಂಡಿದ್ದೆ. ಆದರೆ ನಾಲ್ಕನ್ನೂ ಒಟ್ಟಿಗೆ ಕೊಂಡರೆ ಬೆಲೆ ಇಳಿಸುವುದಾಗಿ ಹೇಳಿದ್ದ ಕೊಟೇಶನ್ನಿನ ಅವಧಿ ಮುಗಿಯುತ್ತ ಬಂದಿದ್ದರಿಂದ, ಆವಕ ಜೋರಾಗಿರುವ ದಿನಗಳಲ್ಲೇ ಈ ಕೆಲಸವನ್ನು ಮುಗಿಸಿಬಿಡಬೇಕೆಂದು ಮೇಲಿನಿಂದ ಹೇಳಿದರು. ಮುನ್ನೂರು ದಿನ ಬಿಡುವಿರುವ ಕಾಟಾಕ್ಕೆ ಕೈಹಚ್ಚಲು ಸರಿಯಾಗಿ ಆ ಅರವತ್ತು ದಿನಗಳನ್ನೇ ಏಕೆ ಆರಿಸಿಕೊಳ್ಳಬೇಕೆಂಬ ನನ್ನ ತಕರಾರು ಇಂದಿಗೂ ಹಾಗೆಯೇ ಇದೆ.

ಆದರೂ ಯಾವ ಯಂತ್ರವನ್ನು ಕೊಳ್ಳಬೇಕೆಂದು ಆರಿಸಿದವನು ನಾನೇ. ಎರಡು ವಾರ ಕುಳಿತು ಹೋಲಿಕೆಯ ಪಟ್ಟಿ ಮಾಡಿದ್ದೆ. ಮಾಲಕರ ಮಗ ಆಪಲ್‌ನ ಹೊಸ ಮ್ಯಾಕ್ ಮಿನಿಯ ಕಡೆ ಒಲವು ತೋರಿದ್ದರು. 2024ರ ಕೊನೆಯಲ್ಲಿ ಬಂದ ಆ ಯಂತ್ರ ಉದ್ದಗಲ 12.7 ಸೆಂಟಿಮೀಟರ್, ಎತ್ತರ 5 ಸೆಂಟಿಮೀಟರ್, ಆಗಿನ ಮೂಲ ಬೆಲೆ 59,900 ರೂಪಾಯಿ, 16 ಜಿಬಿ ರ್‍ಯಾಮ್; ಆ ಗಾತ್ರದಲ್ಲಿ ಅಂಥ ವೇಗ ಬೇರೆಲ್ಲೂ ಕಾಣಲಿಲ್ಲ. ಆದರೆ ನಮ್ಮ ಲೆಕ್ಕವೆಲ್ಲ ಟ್ಯಾಲಿಯಲ್ಲಿ ನಡೆಯುತ್ತದೆ, ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು, ಮೇಲಾಗಿ ಕೊಂಡ ಮೇಲೆ ರ್‍ಯಾಮ್ ಹೆಚ್ಚಿಸಲು ಬರುವುದಿಲ್ಲ. ಹೀಗಾಗಿ ವಿಂಡೋಸ್ ನಡೆಯುವ, ಸುಮಾರು ಒಂದು ಲೀಟರ್ ಗಾತ್ರದ ಮಿನಿ ಪಿಸಿಗಳಿಗೆ ಬಂದು ನಿಂತೆವು.

ಅವುಗಳ ಪರವಾಗಿ ನಾನು ಬರೆದ ಅಂಶಗಳಲ್ಲಿ ಒಂದೂ ಸುಳ್ಳಾಗಲಿಲ್ಲ. ಮಾದರಿಗೆಂದು ತಂದ ಯಂತ್ರಕ್ಕೆ ವಾಟ್ ಮೀಟರ್ ಹಚ್ಚಿ ನೋಡಿದಾಗ, ಹಳೆಯದು ಸುಮ್ಮನೆ ಕುಳಿತಾಗಲೂ 50 ವಾಟ್ ದಾಟುತ್ತಿದ್ದರೆ ಇದು 12ರ ಆಸುಪಾಸಿನಲ್ಲಿತ್ತು. ಕರೆಂಟು ಹೋದಾಗ ಕಾಲು ಗಂಟೆಯಲ್ಲಿ ಕೀರಲಾರಂಭಿಸುತ್ತಿದ್ದ ಅದೇ ಯುಪಿಎಸ್ ಈಗ ಮುಕ್ಕಾಲು ಗಂಟೆ ತಡೆಯುತ್ತಿತ್ತು. ಮಾನಿಟರಿನ ಬೆನ್ನಿಗೆ ಸ್ಕ್ರೂ ಹಾಕಿ ಕೂರಿಸಿದರೆ ಮೇಜಿನ ಮೇಲೆ ಜಾಗವೇ ಬೇಡ. ಲೆಕ್ಕದ ಕೋಣೆಯ ಮೂರು ಮೇಜುಗಳಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲವೆಂದು ಈಗಲೂ ಹೇಳುತ್ತೇನೆ.

ನಾನು ತಪ್ಪಿದ್ದು ನಾಲ್ಕನೆಯ ಯಂತ್ರದಲ್ಲಿ. ಮಾದರಿ ಯಂತ್ರವನ್ನು ಎಲ್ಲರಿಗೂ ತೋರಿಸಿದ ದಿನ, ಇಪ್ಪತ್ತೆರಡು ವರ್ಷಗಳಿಂದ ಕಾಟಾ ನೋಡಿಕೊಳ್ಳುತ್ತಿರುವ ಕಾಕಾ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುವಿ ನೋಡಿ, "ಸರ, ನಮ್ಮ ಕಾಟಾದ ದಪ್ಪ ವಯರ್ ಎಲ್ಲಿ ಚುಚ್ಚೋದ್ರಿ ಇದಕ್ಕ?" ಎಂದು ಕೇಳಿದ್ದರು. "ಈಗ ಎಲ್ಲಾ ಯುಎಸ್‌ಬಿ ಬಂದದ ಕಾಕಾ, ಅದೇನು ದೊಡ್ಡ ಮಾತಲ್ಲ" ಎಂದು ನಾನು ಮುಂದೆ ಸಾಗಿದ್ದೆ. ಅವರು ಕೇಳಿದ್ದು ಇಂಡಿಕೇಟರಿನಿಂದ ಬರುವ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ಲನ್ನು. ನನ್ನ ಹೋಲಿಕೆಯ ಪಟ್ಟಿಯಲ್ಲಿ ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿ, ವಾರಂಟಿ ಎಲ್ಲವಕ್ಕೂ ಒಂದೊಂದು ಕಾಲಂ ಇತ್ತು, ಹಿಂಬದಿಯ ಪೋರ್ಟುಗಳಿಗೆ ಇರಲಿಲ್ಲ. ಆರ್ಡರ್ ಕೊಡುವಾಗಲೇ ಕೇಳಿದ್ದರೆ ಈ ಗಾತ್ರದ ಕಚೇರಿ ಮಾದರಿಗಳಲ್ಲಿ ಹಲವಕ್ಕೆ ಸೀರಿಯಲ್ ಪೋರ್ಟನ್ನು ಕೂರಿಸಿಯೇ ಕೊಡುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು.

ಭಾನುವಾರ ಸಂಜೆ ಹೊಸದನ್ನು ಕೂರಿಸಿದಾಗ, ಕಾಟಾದ ಸೀರಿಯಲ್ ಕೇಬಲ್ಲನ್ನು ಹೊಸ ಪೋರ್ಟಿಗೆ ಹೊಂದಿಸಲು ಡ್ರಾಯರಿನಲ್ಲಿದ್ದ ನೀಲಿ ಬಣ್ಣದ ಹಳೆಯ ಯುಎಸ್‌ಬಿ ಕನ್ವರ್ಟರನ್ನು ಹುಡುಕಿ ಚುಚ್ಚಿದೆ. ಕಂಪ್ಯೂಟರು ಸದ್ದು ಮಾಡಿ ಅದನ್ನು ಗುರುತಿಸಿತು, ಪುಟ್ಟ ದೀಪವೂ ಹೊತ್ತಿತು. ತೂಕದ ಸಾಫ್ಟ್‌ವೇರ್ ತೆರೆದುಕೊಂಡಿತು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಚೀಟಿಯೂ ಹೊರಬಂತು. ಕಾಟಾದ ಮೇಲೆ ಗಾಡಿ ಇರಲಿಲ್ಲವಾದ್ದರಿಂದ ಇಂಡಿಕೇಟರಿನಲ್ಲೂ ಸೊನ್ನೆ, ಪರದೆಯಲ್ಲೂ ಸೊನ್ನೆ. ಎರಡೂ ತಾಳೆಯಾಗಿವೆಯೆಂದು ನಾನು ನಂಬಿದೆ. ನಮ್ಮ ಮಿಲ್ಲಿನ ಖಾಲಿ ಗಾಡಿಯೊಂದು ಅಲ್ಲೇ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ಅದನ್ನು ಒಮ್ಮೆ ಹತ್ತಿಸಿ ನೋಡಿದ್ದರೆ ಐದೇ ನಿಮಿಷದ ಕೆಲಸವಾಗುತ್ತಿತ್ತು. ಸಾಲದೆಂಬಂತೆ, ಹಳೆಯ ಸಿಪಿಯುವನ್ನು ಅದೇ ಸಂಜೆ ಎಕ್ಸ್‌ಚೇಂಜಿಗೆ ಕಳಿಸಿಬಿಟ್ಟಿದ್ದೆ.

ಸೋಮವಾರ ಕಂಪ್ಯೂಟರಿಗೆ ಜೋಡಿಸಿದ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದಾಗ ಕನ್ವರ್ಟರಿನ ಹೆಸರಿನ ಜಾಗದಲ್ಲೇ ಉತ್ತರವಿತ್ತು: ಪಿಎಲ್2303ಎಚ್‌ಎಕ್ಸ್‌ಎ ಎಂಬ ಆ ಚಿಪ್ಪಿನ ತಯಾರಿ 2012ರಲ್ಲೇ ನಿಂತಿದೆ, ಮಾರಿದವರನ್ನು ಸಂಪರ್ಕಿಸಿ. ಕನ್ವರ್ಟರನ್ನು ನಡೆಸುವ ಹೊಸ ಡ್ರೈವರ್ ಸಾಫ್ಟ್‌ವೇರ್ ಆ ಹಳೆಯ ಚಿಪ್ಪಿಗೆ ಕೆಲಸ ಮಾಡುವುದೇ ಇಲ್ಲ. ಹೊರಗೆ ಹಾರ್ನುಗಳು ಶುರುವಾಗಿದ್ದವು. ಒಬ್ಬ ಚಾಲಕರು ಕಿಟಕಿಗೆ ಬಂದು, "ಯಾಕ್ರೀ ಸರ, ಗಾಡಿ ನಿಂತು ತಾಸಾಯ್ತು, ಹಮಾಲರು ಹೊಂಟರ ಮತ್ತ ಸಿಗಂಗಿಲ್ಲ" ಎಂದರು. ಅವರ ಮಾತು ನಿಜವಾಗಿತ್ತು. ಹಿಂದೆ ಕುಳಿತಿದ್ದ ಕಾಕಾ ಒಂದು ಮಾತನ್ನೂ ಆಡದೆ ಕಪಾಟಿನಿಂದ ಹಳೆಯ ಚೀಟಿ ಪುಸ್ತಕವನ್ನೂ ಕಾರ್ಬನ್ ಹಾಳೆಗಳನ್ನೂ ತೆಗೆದು, ಧೂಳು ಜಾಡಿಸಿ, 24,380 ಎಂದು ಪೆನ್ನಿನಲ್ಲಿ ಬರೆದು ಗಾಡಿಯನ್ನು ಒಳಗೆ ಬಿಟ್ಟರು. ಮೊದಲ ಐದು ನಿಮಿಷದಲ್ಲೇ ನಾನು ಕೊಡಬೇಕಾಗಿದ್ದ ಆದೇಶ ಅದು. ಯಂತ್ರವನ್ನು ಸರಿಪಡಿಸಿಯೇ ತೀರುತ್ತೇನೆಂಬ ಹಟದಲ್ಲಿ ಒಂದು ತಾಸನ್ನು ಕಳೆದಿದ್ದೆ.

ಊರಿನ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಅಂಗಡಿಗಳು ತೆರೆಯುವವರೆಗೆ ಕಾಯ್ದು, ಎಫ್‌ಟಿಡಿಐ ಎಂಬ ಬೇರೆ ಕಂಪನಿಯ ಚಿಪ್ಪಿರುವ ಕನ್ವರ್ಟರ್ ತಂದಾಗ ಹನ್ನೊಂದೂಕಾಲು. ವಿಂಡೋಸ್ ಅದಕ್ಕೆ ಕಾಮ್ 7 ಎಂಬ ಪೋರ್ಟ್ ಸಂಖ್ಯೆ ಕೊಟ್ಟಿತು. ನಮ್ಮ ಸಾಫ್ಟ್‌ವೇರಿಗೆ ನಾಲ್ಕರ ಮೇಲಿನ ಪೋರ್ಟ್ ಗೊತ್ತಿಲ್ಲ. ಅದನ್ನು ಕಾಮ್ 3ಕ್ಕೆ ಇಳಿಸಿ, ಮಾಹಿತಿ ಸಾಗುವ ವೇಗವನ್ನು 9600ಕ್ಕೆ ಹೊಂದಿಸಿದ ಮೇಲೆ ಪರದೆಯಲ್ಲಿ ತೂಕ ಮೂಡಿತು.

ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ರಾತ್ರಿ ಕೈಬರಹದ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುವಾಗ, ಆಳಂದ ಕಡೆಯ ಐದಾರು ರೈತರು ಕೂಡಿ ತಂದಿದ್ದ ಮೊದಲನೆಯ ಲಾರಿಯ ಖಾಲಿ ತೂಕ 8,360 ಇದ್ದದ್ದನ್ನು ಮಸುಕಾದ ಕಾರ್ಬನ್ ಪ್ರತಿಯಲ್ಲಿ ನಾನು 8,860 ಎಂದು ಓದಿ ದಾಖಲಿಸಿದೆ. ಖಾಲಿ ತೂಕ 500 ಕಿಲೋ ಏರಿದರೆ ಮಾಲಿನ ತೂಕ ಅಷ್ಟೇ ಇಳಿಯುತ್ತದೆ. ಆ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ಆ ಲೆಕ್ಕದಲ್ಲಿ ಐದು ಕ್ವಿಂಟಲಿಗೆ 37,750 ರೂಪಾಯಿ, ಅದೂ ರೈತರ ಕೈಯಿಂದ. ಮರುದಿನ ಬೆಳಿಗ್ಗೆ ಪಟ್ಟಿಯ ಮೇಲೆ ಕಣ್ಣಾಡಿಸಿದ ಕಾಕಾ ಬೆರಳಿಟ್ಟು, "ಈ ಗಾಡಿ ಖಾಲಿ ಎಂಟು ಸಾವಿರದ ಮುನ್ನೂರು ಚಿಲ್ಲರೆ ಬರ್ತದ್ರಿ ಸರ, ಎಂಟೂವರಿ ದಾಟಂಗಿಲ್ಲ" ಎಂದರು. ಮೂಲ ಚೀಟಿ ತೆಗೆಸಿ ನೋಡಿ, ಹಣ ಸಂದಾಯವಾಗುವ ಮೊದಲೇ ಸರಿಪಡಿಸಿದೆವು. ಅವರು ಆ ದಿನ ರಜೆಯ ಮೇಲಿದ್ದಿದ್ದರೆ ಏನಾಗುತ್ತಿತ್ತೆಂಬುದು ನನ್ನನ್ನು ಹಲವು ರಾತ್ರಿ ಕಾಡಿದೆ.

ಏಪ್ರಿಲ್‌ನಲ್ಲಿ ಇನ್ನೊಂದು ಕೊರತೆ ಹೊರಬಿತ್ತು. ತಗಡಿನ ಚಾವಣಿಯ ಕಾಟಾ ಕೋಣೆಯಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ಯಂತ್ರ ಸಿಳ್ಳೆ ಹಾಕಿದಂತೆ ಕೂಗುತ್ತ, ಕೈಯಿಡಲಾಗದಷ್ಟು ಕಾದು, ಒಂದು ಚೀಟಿಗೆ ಅರ್ಧ ನಿಮಿಷ ತೆಗೆದುಕೊಳ್ಳತೊಡಗಿತು. ಬಿಚ್ಚಿ ನೋಡಿದರೆ ಪಂಖದ ಹಿಂದಿನ ಸಣ್ಣ ರೆಕ್ಕೆಗಳ ನಡುವೆ ತೊಗರಿ ಹೊಟ್ಟಿನ ಪುಡಿ ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕೂತಿತ್ತು. ಚಿಮಟಿಯಿಂದ ಎಳೆದಾಗ ಇಡಿಯಾಗಿ ಕಿತ್ತು ಬಂತು. ದೊಡ್ಡ ಸಿಪಿಯುಗಳಲ್ಲೂ ಈ ಧೂಳು ತುಂಬುತ್ತಿತ್ತು, ಆದರೆ ಅವುಗಳ ಹೊಟ್ಟೆಯಲ್ಲಿ ಗಾಳಿಯಾಡಲು ಜಾಗವಿತ್ತು. ಇಲ್ಲಿ ಇರುವುದೇ ಬೆರಳಗಲದ ದಾರಿ. ಈಗ ಪ್ರತಿ ಶನಿವಾರ ಬ್ಲೋವರ್ ಹಿಡಿಯುತ್ತೇವೆ.

ಅಡಾಪ್ಟರಿನ ಚಿಂತೆ ಬೇರೆ. 1995ರಲ್ಲಿ ಬಂದ ಎಟಿಎಕ್ಸ್ ಮಾನದಂಡದಿಂದಾಗಿ ದೊಡ್ಡ ಸಿಪಿಯುವಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಸುಟ್ಟರೆ ಯಾವ ಅಂಗಡಿಯದಾದರೂ ಬಹುಮಟ್ಟಿಗೆ ಹೊಂದುತ್ತದೆ. ಪುಟ್ಟ ಯಂತ್ರಗಳಿಗೆ ಅಂಥ ಒಂದು ಮಾನದಂಡವಿಲ್ಲ, ಕಂಪನಿಗೊಂದು ಪಿನ್ನು. ಬಿಡಿ ಅಡಾಪ್ಟರ್ ಒಂದನ್ನು ತರಿಸಿಡಲು ನಾನು ಮೂರು ಸಲ ಇಂಡೆಂಟ್ ಬರೆಯಬೇಕಾಯಿತು.

ಮುಂದಿನ ಹಂಗಾಮಿಗೆ ಮುಂಚೆ ಎರಡನೆಯ ಕಾಟಾ ಕೂರಿಸುವ ಮಾತು ನಡೆದಿದೆ. ಅಲ್ಲಿಗೂ ಪುಟ್ಟ ಯಂತ್ರವನ್ನೇ ಕೇಳಿದ್ದೇನೆ, ಸೀರಿಯಲ್ ಪೋರ್ಟ್ ಕೂರಿಸಿ ಬರುವಂಥದ್ದನ್ನು. ಕೊಟೇಶನ್ ತರಿಸುವ ಮೊದಲು ಹೋದ ವಾರ ಕಾಕಾ ಅವರನ್ನು ಜೊತೆಗೆ ಕರೆದುಕೊಂಡು, ಇಂಡಿಕೇಟರಿನ ಹಿಂದಿನ ಒಂದೊಂದು ವಯರನ್ನೂ ಅವರು ಎತ್ತಿ ತೋರಿಸಿದಂತೆ ಬರೆದುಕೊಂಡೆ. ಐದು ವಯರುಗಳಾದವು. ನಾನೊಬ್ಬನೇ ಬರೆದಿದ್ದ ಪಟ್ಟಿಯಲ್ಲಿ ನಾಲ್ಕಿದ್ದವು. ಗೇಟಿನ ಹೊರಗೆ ಚಾಲಕರಿಗೆ ತೂಕ ತೋರಿಸುವ ದೊಡ್ಡ ಡಿಸ್‌ಪ್ಲೇಯ ವಯರನ್ನು ಬಿಟ್ಟಿದ್ದೆ.